ಸಂಪಾದಕರ ಉತ್ತರ: ಕಾಯಿಲೆಯ ಕಾಲದಲ್ಲಿ ಸರ್ಕಾರವನ್ನು ಪ್ರಶ್ನಿಸಬಾರದೇ?

ಡೊಂಬಿವಲಿಯ ಹಿರಿಯ ಓದುಗರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. 2020ರ ಲಾಕ್‌ಡೌನ್ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಅವರಿಗೆ ಹಿಡಿಸಿಲ್ಲ. ಅವರ ಮಾತಿನ ಸಾರ ಇಷ್ಟು: "ಅಂಟುರೋಗ ಬಂದಾಗ ಸರ್ಕಾರ ಬಿಗಿ ಮಾಡಲೇಬೇಕು. ಒಬ್ಬೊಬ್ಬರ ಕಷ್ಟ ಕೇಳುತ್ತಾ ಕೂತರೆ ಊರೇ ಉಳಿಯುವುದಿಲ್ಲ. ಪುಣೆಯ ಪ್ಲೇಗ್ ಕೂಡ ಬಿಗಿ ಮಾಡಿದ್ದರಿಂದಲೇ ಹತೋಟಿಗೆ ಬಂತು. ಆಗಿಹೋದದ್ದನ್ನು ಈಗ ಕೆದಕುವುದು ಯಾಕೆ? ಲೇಖನ ಹಿಂತೆಗೆದುಕೊಳ್ಳಿ."

ಮಾನ್ಯರೇ, ನಿಮ್ಮ ಮೊದಲ ಮಾತಿಗೆ ನನ್ನ ತಕರಾರಿಲ್ಲ. ನನ್ನ ಕೆಮ್ಮಿನಿಂದ ಪಕ್ಕದ ಖೋಲಿಯ ಅಜ್ಜಿಯ ಜೀವಕ್ಕೆ ಅಪಾಯ ಅಂತಾದರೆ ನನ್ನನ್ನು ತಡೆಯುವ ಅಧಿಕಾರ ಸರ್ಕಾರಕ್ಕೆ ಇರಲೇಬೇಕು.

ಪುಣೆಯ ವಿಷಯ ಮಾತ್ರ ನೀವು ಹೇಳಿದಷ್ಟು ಸರಳ ಅಲ್ಲ. 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡ್ವಿಯಲ್ಲಿ ಗೋವಾ ಮೂಲದ ಡಾ. ಅಕಾಸಿಯೊ ವಿಯೇಗಸ್ ಇದು ಪ್ಲೇಗ್ ಅಂತ ಗುರುತಿಸಿದರು. ಸ್ವಲ್ಪ ದಿನದಲ್ಲೇ ಅದು ಪುಣೆಗೂ ಬಂತು. 1897ರಲ್ಲಿ ರ‍್ಯಾಂಡ್ ಎಂಬ ಅಧಿಕಾರಿಯ ಕೈಗೆ ಪ್ಲೇಗ್ ಸಮಿತಿಯನ್ನು ಕೊಟ್ಟರು. ಸೈನಿಕರು ಮನೆಮನೆಗೆ ನುಗ್ಗಿದರು. ಅಡುಗೆಮನೆ, ದೇವರಮನೆ ಅಂತ ನೋಡಲಿಲ್ಲ. ರೋಗಿಯನ್ನು ಆಸ್ಪತ್ರೆಗೆ ಎತ್ತಿಕೊಂಡು ಹೋದರು, ಮನೆಯವರನ್ನು ಶಿಬಿರಕ್ಕೆ ಅಟ್ಟಿದರು, ಬಟ್ಟೆಬರೆ ಸುಟ್ಟರು. ಆ ರೋಗ ಇಲಿಯ ಮೈಮೇಲಿನ ಚಿಗಟದಿಂದ ಹರಡುತ್ತದೆ ಅನ್ನುವುದು ಆಗ ಅವರಿಗೆ ಗೊತ್ತಿರಲಿಲ್ಲ. ಫ್ರಾನ್ಸಿನ ವೈದ್ಯ ಪಾಲ್ ಲೂಯಿ ಸಿಮೊಂಡ್ ಅದನ್ನು ಕರಾಚಿಯಲ್ಲಿ ಕಂಡುಕೊಂಡದ್ದು 1898ರಲ್ಲಿ. 1897ರ ಬೇಸಿಗೆಗೆ ಇಳಿದ ಪ್ಲೇಗ್ ಅದೇ ವರ್ಷ ಪುಣೆಗೆ ಮತ್ತೆ ಬಂತು. ಆಮೇಲೂ ಬರುತ್ತಲೇ ಇತ್ತು.

1897ರ ಜೂನ್ 22ರ ರಾತ್ರಿ, ಆ ದಬ್ಬಾಳಿಕೆಯ ಸಿಟ್ಟಿಗೆ, ಪುಣೆಯ ಚಾಪೇಕರ್ ಸಹೋದರರು ರ‍್ಯಾಂಡ್‌ಗೆ ಗುಂಡು ಹೊಡೆದದ್ದು ನಿಮಗೆ ಗೊತ್ತೇ ಇದೆ. ನನ್ನನ್ನು ಅದಕ್ಕಿಂತ ಜಾಸ್ತಿ ಕಾಡುವುದು ಗೋಪಾಲಕೃಷ್ಣ ಗೋಖಲೆಯವರಿಗೆ ಆದದ್ದು. ಆಗ ಅವರು ಇಂಗ್ಲೆಂಡಿನಲ್ಲಿದ್ದರು. ಸೈನಿಕರು ಹೆಂಗಸರ ಮೇಲೆ ಅತ್ಯಾಚಾರ ಮಾಡಿದ್ದಾರೆ ಅಂತ ಊರಿನಿಂದ ಕಾಗದ ಬಂತು. ಗೋಖಲೆ ಅದನ್ನು ಅಲ್ಲಿನ ಪತ್ರಿಕೆಗೆ ಹೇಳಿದರು. ಪುರಾವೆ ಎಲ್ಲಿ ಅನ್ನುವ ಪ್ರಶ್ನೆ ಎದ್ದಿತು. ವಾಪಸ್ ಬಂದು ವಿಚಾರಿಸಿದರೆ ಕಾಗದ ಬರೆದವರು ಯಾರೂ ಮುಂದೆ ಬಂದು ಹೇಳಲು ತಯಾರಿಲ್ಲ. ಕೊನೆಗೆ ಗೋಖಲೆಯವರೇ ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು.

ಸ್ವಲ್ಪ ಯೋಚಿಸಿ. ನೊಂದ ಮನೆಯವರು ಹೇಳಿಕೊಳ್ಳಬೇಕಾಗಿದ್ದು ಯಾರ ಹತ್ತಿರ? ಆ ಸೈನಿಕರನ್ನು ಕಳಿಸಿದ ಸರ್ಕಾರದ ಹತ್ತಿರವೇ ಅಲ್ವಾ? ಯಾವ ಧೈರ್ಯದ ಮೇಲೆ ಹೋಗುತ್ತಾರೆ? ದೂರು ಕೇಳುವ ಬೇರೆ ಜಾಗವನ್ನೇ ಇಡದೆ, ಪುರಾವೆ ಇಲ್ಲ, ಆದ್ದರಿಂದ ಏನೂ ಆಗಿಲ್ಲ ಅಂದರೆ ಅದು ನ್ಯಾಯವೇ? ಬಿಗಿ ಮಾಡಿದ್ದು ಹೆಚ್ಚಾಯಿತೋ ಕಡಿಮೆಯಾಯಿತೋ ಅನ್ನುವುದು ನನ್ನ ಮುಖ್ಯ ಪ್ರಶ್ನೆಯಲ್ಲ. ಬಿಗಿ ಮಾಡಿದವರನ್ನು ಕೇಳುವ ದಾರಿ ಇತ್ತೇ ಅನ್ನುವುದು.

1897ರ ಫೆಬ್ರವರಿಯಲ್ಲೇ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. ಆಗ ನಾಲ್ಕೇ ಸೆಕ್ಷನ್‌ಗಳ ಪುಟ್ಟ ಕಾಯ್ದೆ. ಸದುದ್ದೇಶದಿಂದ ಮಾಡಿದ ಯಾವ ಕೆಲಸಕ್ಕೂ ಯಾರ ಮೇಲೂ ದಾವೆ ಹೂಡುವಂತಿಲ್ಲ ಅಂತ ನಾಲ್ಕನೆಯದು ಹೇಳುತ್ತದೆ. 2020ರ ಮಾರ್ಚಿನಲ್ಲಿ ಮಹಾರಾಷ್ಟ್ರ ಸರ್ಕಾರ ಜಾರಿಗೆ ತಂದದ್ದು ಇದೇ ಕಾಯ್ದೆಯನ್ನು. ವೈದ್ಯರು, ನರ್ಸ್‌ಗಳ ಮೇಲೆ ಕೈ ಮಾಡಿದವರಿಗೆ ಕಠಿಣ ಶಿಕ್ಷೆ ಅಂತ ಅದೇ ವರ್ಷ ತಿದ್ದುಪಡಿ ಬಂತು. ಬರಲೇಬೇಕಾಗಿತ್ತು. ಆದರೆ ಮನೆಯೊಳಗೆ ಕೂಡಿಹಾಕಿದವರಿಗೆ ಸರ್ಕಾರ ಏನು ಕೊಡಬೇಕು ಅನ್ನುವುದರ ಬಗ್ಗೆ ಅದರಲ್ಲಿ ಒಂದು ಸಾಲೂ ಇಲ್ಲ.

ಮಾರ್ಚ್ 24ರ ರಾತ್ರಿ 8ಕ್ಕೆ ಘೋಷಣೆ, 12ಕ್ಕೆ ದೇಶವೇ ಬಂದ್. ಮುಂಬಯಿಯ ನಮ್ಮ ಹೋಟೆಲ್ ಹುಡುಗರ ಪಾಡು ನೆನಪಿದೆಯಲ್ಲ? ಬೈಂದೂರು ಕಡೆಯ ಒಬ್ಬ ಹುಡುಗ ನಮ್ಮ ಕಚೇರಿಗೆ ಆಗಾಗ ಫೋನ್ ಮಾಡುತ್ತಿದ್ದ. ಹೋಟೆಲ್ ಮುಚ್ಚಿತ್ತು, ಅದರ ಅಟ್ಟದಲ್ಲೇ ಏಳೆಂಟು ಜನ ಮಲಗುತ್ತಿದ್ದರು. ಅಕ್ಕಿ ಇತ್ತು, ಗ್ಯಾಸ್ ಮುಗಿದಿತ್ತು. ಮೇ ತಿಂಗಳಲ್ಲಿ ಹೇಗೋ ಪಾಸ್ ಸಿಕ್ಕಿ ಊರಿಗೆ ಹೊರಟರು. ಅಷ್ಟರಲ್ಲಿ, ಮೇ 18ರಂದು, ಮಹಾರಾಷ್ಟ್ರವೂ ಸೇರಿ ಕೆಲವು ರಾಜ್ಯಗಳಿಂದ ಬರುವವರನ್ನು ತಿಂಗಳ ಕೊನೆಯವರೆಗೆ ಒಳಗೆ ಬಿಡುವುದಿಲ್ಲ ಅಂತ ಕರ್ನಾಟಕ ಸರ್ಕಾರ ಹೇಳಿತು. ಗಡಿಯ ಚೆಕ್‌ಪೋಸ್ಟ್ ಒಂದರಲ್ಲಿ ಇವರ ಗಾಡಿ ನಿಂತಿತು. ಲಾರಿಯ ನೆರಳಲ್ಲಿ ಕೂತು ಫೋನ್ ಮಾಡಿದ: "ಸಾರ್, ಪಾಸ್ ಕೊಟ್ಟದ್ದೂ ಸರ್ಕಾರ, ತಡೆದದ್ದೂ ಸರ್ಕಾರ. ನಾನು ಯಾರನ್ನು ಕೇಳುವುದು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಅದೇ ಹೊತ್ತಿಗೆ ಊರಿನ ಟಿವಿಗಳಲ್ಲಿ 'ಮುಂಬೈ ನಂಜು' ಅಂತ ದೊಡ್ಡಕ್ಷರದಲ್ಲಿ ಬರುತ್ತಿತ್ತು. ವರ್ಷವಿಡೀ ಊರಿಗೆ ದುಡ್ಡು ಕಳಿಸಿದವರು ಒಂದೇ ವಾರದಲ್ಲಿ ನಂಜಾದರು. ಇದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಊರು ಸೇರಲು ನಡೆದು ಹೊರಟು, ಮೇ 8ರ ನಸುಕಿನಲ್ಲಿ ಔರಂಗಾಬಾದ್ ಹತ್ತಿರ ರೈಲು ಹಳಿಯ ಮೇಲೆ ಮಲಗಿದ್ದ 16 ಕಾರ್ಮಿಕರು ಗೂಡ್ಸ್ ರೈಲಿಗೆ ಸಿಕ್ಕಿ ಸತ್ತರು. ಸೆಪ್ಟೆಂಬರಿನಲ್ಲಿ ಲೋಕಸಭೆಯಲ್ಲಿ, ಊರಿಗೆ ಮರಳುವಾಗ ಸತ್ತ ವಲಸೆ ಕಾರ್ಮಿಕರು ಎಷ್ಟು ಅಂತ ಕೇಳಿದಾಗ ಅಂಥ ಲೆಕ್ಕ ಇಟ್ಟಿಲ್ಲ ಅಂತ ಕಾರ್ಮಿಕ ಸಚಿವಾಲಯ ಉತ್ತರ ಕೊಟ್ಟಿತು. ದಿನಾ ಸಂಜೆ ಸೋಂಕಿತರ ಲೆಕ್ಕ ಕೊಡುತ್ತಿದ್ದ ಸರ್ಕಾರಕ್ಕೆ ಇವರನ್ನು ಎಣಿಸುವುದು ಆಗದ ಕೆಲಸವಾಗಿತ್ತೇ? ಆಗಿಹೋದದ್ದನ್ನು ಯಾಕೆ ಕೆದಕುತ್ತೀರಿ ಅಂತ ಕೇಳಿದಿರಿ. ಲೆಕ್ಕವೇ ಆಗಿಲ್ಲ ಸ್ವಾಮಿ, ಮುಗಿಯಿತು ಅನ್ನುವುದು ಹೇಗೆ?

ಬಿಗಿಯನ್ನೂ ಚೆನ್ನಾಗಿ ಮಾಡಬಹುದು. ದೂರ ಹೋಗಬೇಕಿಲ್ಲ, ಧಾರಾವಿ ನೋಡಿ. ಏಪ್ರಿಲ್ 1ಕ್ಕೆ ಅಲ್ಲಿ ಮೊದಲ ರೋಗಿ ಸಿಕ್ಕಾಗ ಎಲ್ಲರೂ ಕೈಚೆಲ್ಲಿದ್ದರು. ಎರಡು ಚದರ ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ ಜಾಗ, ಲಕ್ಷಗಟ್ಟಲೆ ಜನ, ಹೆಚ್ಚಿನವರಿಗೆ ಸಾರ್ವಜನಿಕ ಶೌಚಾಲಯವೇ ಗತಿ. ಅಲ್ಲಿ 'ಮನೆಯಲ್ಲೇ ಇರಿ' ಅಂದರೆ ಏನು ಅರ್ಥ? ಪಾಲಿಕೆಯವರು ಗಲ್ಲಿ ಗಲ್ಲಿಯಲ್ಲಿ ಜ್ವರದ ತಪಾಸಣೆ ಮಾಡಿದರು. ಜನ ನಂಬುವ ಅಲ್ಲಿನ ಖಾಸಗಿ ಡಾಕ್ಟರುಗಳನ್ನೇ ಜೊತೆಗೆ ಕರೆದುಕೊಂಡರು. ಕ್ವಾರಂಟೈನ್‌ನಲ್ಲಿ ಇಟ್ಟವರಿಗೆ ಊಟ ಕೊಟ್ಟರು. ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥರೇ ಧಾರಾವಿಯ ಹೆಸರು ತೆಗೆದು ಹೊಗಳಿದರು.

ಲೇಖನ ಹಿಂತೆಗೆದುಕೊಳ್ಳುವುದಿಲ್ಲ. ನಿಮ್ಮ ಪತ್ರವನ್ನು ಒಂದು ಸಾಲೂ ಬಿಡದೆ ಓದುಗರ ಪುಟದಲ್ಲಿ ಹಾಕಿದ್ದೇವೆ. ಗಡಿಯಲ್ಲಿ ಸಿಕ್ಕಿಬಿದ್ದವರು, ಅಟ್ಟದಲ್ಲಿ ದಿನ ದೂಡಿದವರು ಹೇಳಿದ ಅನುಭವಗಳನ್ನು ಮುಂದಿನ ಸಂಚಿಕೆಯಿಂದ ಪ್ರಕಟಿಸುತ್ತೇವೆ. ಅವನ್ನು ಓದಿ ನೀವು ಮತ್ತೆ ಬರೆಯಬೇಕು. ಒಪ್ಪಿಗೆಯಾಗದಿದ್ದರೂ ಬರೆಯಿರಿ, ಅದನ್ನೂ ಅಚ್ಚು ಹಾಕುತ್ತೇವೆ.

— ಸಂ.