ಸದಸ್ಯರು ಸಾವಿರಾರು ಇದ್ದರೆ ಗುಂಪು ದೊಡ್ಡದಾಯ್ತಾ?

ಪ್ರಶ್ನೆ: ನಾನು ಕಾರಟಗಿಯವನು. ಭತ್ತ ಬೆಳೆಯೋರಿಗೆ ಅಂತ ಟೆಲಿಗ್ರಾಂನಲ್ಲಿ ಒಂದು ಗುಂಪು ಮಾಡಿದ್ದೇನೆ. ಸದಸ್ಯರು 6 ಸಾವಿರ ದಾಟಿದ್ದಾರೆ. ಸಿಂಧನೂರಿನ ಗೆಳೆಯರದೂ ಇಂಥದ್ದೇ ಗುಂಪು, ಅಲ್ಲಿರೋದು 800 ಜನ ಅಷ್ಟೇ. ಆದರೂ ‘ನಿಮ್ದಕ್ಕಿಂತ ನಮ್ದ ದೊಡ್ಡದು ನೋಡ್ರಿ’ ಅನ್ನುತ್ತಾರೆ. ಆನ್‌ಲೈನ್ ಚರ್ಚೆಯ ಗುಂಪನ್ನು ದೊಡ್ಡದು ಅನ್ನೋದು ಯಾವ ಲೆಕ್ಕದ ಮೇಲೆ?

ಉತ್ತರ: ನಿಮ್ಮ ಗೆಳೆಯರ ಮಾತನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ಇದಕ್ಕೆ ಎಲ್ಲರೂ ಒಪ್ಪಿದ ಒಂದೇ ಅಳತೆ ಇಲ್ಲ. ಅಳೆಯೋರು ಯಾರು, ಯಾತಕ್ಕೆ ಅಳೆಯುತ್ತಾರೆ ಅನ್ನೋದರ ಮೇಲೆ ಲೆಕ್ಕ ಬದಲಾಗುತ್ತದೆ.

ಸರ್ಕಾರಗಳೇ ಈ ವಿಷಯದಲ್ಲಿ ಒಂದೊಂದು ದಾರಿ ಹಿಡಿದಿವೆ. ನಮ್ಮ ದೇಶದಲ್ಲಿ 2021ರ ಐಟಿ ನಿಯಮಗಳು ಬಂದಾಗ 50 ಲಕ್ಷ ನೋಂದಾಯಿತ ಬಳಕೆದಾರರ ಗೆರೆ ಎಳೆದರು. ಅದನ್ನು ದಾಟಿದ ಸೋಷಿಯಲ್ ಮೀಡಿಯಾ ಕಂಪನಿಗೆ ಹೆಚ್ಚಿನ ಜವಾಬ್ದಾರಿ. ದೂರು ಕೇಳೋ ಅಧಿಕಾರಿಯನ್ನು ಇಲ್ಲೇ, ದೇಶದೊಳಗೇ ಇಡಬೇಕು. ಯುರೋಪಿನಲ್ಲಿ ಗೆರೆ ಇರೋದು ತಿಂಗಳಿಗೆ 4.5 ಕೋಟಿ ಬಳಕೆದಾರರಿಗೆ. ಸಂಖ್ಯೆಗಿಂತ ಅಳೆಯುವ ರೀತಿ ನೋಡಿ. ಖಾತೆ ತೆರೆದು ಮರೆತವನೂ ನಮ್ಮಲ್ಲಿ ಲೆಕ್ಕಕ್ಕೆ ಬರುತ್ತಾನೆ. ಅಲ್ಲಿ ಆ ತಿಂಗಳು ಬಂದು ಬಳಸಿದವನು ಮಾತ್ರ. ಇವೆಲ್ಲ ಕಂಪನಿಗಳ ಮಾತು, ನಿಮ್ಮ ಗುಂಪಿಗೆ ಅನ್ವಯಿಸಲ್ಲ. ಆದರೆ ನಿಮಗೂ ಗೆಳೆಯರಿಗೂ ನಡೆದಿರೋ ಜಗಳ ಇದೇ ಅಲ್ವಾ? ನೀವು ಒಳಗೆ ಸೇರಿದವರನ್ನು ಎಣಿಸುತ್ತೀರಿ, ಅವರು ಬಹುಶಃ ಮಾತಾಡೋರನ್ನು.

ನಾನು ಗೆಳೆಯರ ಪರ. ಬರೀ ಸದಸ್ಯರನ್ನು ಎಣಿಸೋದಾದರೆ ಟೆಲಿಗ್ರಾಂ ಒಂದು ಗುಂಪಿಗೆ 2 ಲಕ್ಷ ಜನರ ತನಕ ಬಿಡುತ್ತದೆ. ಅದರ ಮುಂದೆ 6 ಸಾವಿರ ಯಾವ ಲೆಕ್ಕ!

ಜೇಕಬ್ ನೀಲ್ಸನ್ ಅನ್ನೋ ವೆಬ್‌ಸೈಟ್ ಬಳಕೆಯ ತಜ್ಞರು 2006ರಲ್ಲಿ ಒಂದು ಅಂದಾಜು ಕೊಟ್ಟಿದ್ದರು. ಆನ್‌ಲೈನ್ ಗುಂಪುಗಳಲ್ಲಿ 100ಕ್ಕೆ 90 ಜನ ಓದಿ ಸುಮ್ಮನಿರುತ್ತಾರೆ, 9 ಜನ ಆಗಾಗ ಬರೆಯುತ್ತಾರೆ, ಉಳಿದ ಒಬ್ಬನದೇ ಬಹುಪಾಲು ಮಾತು. ಇದು ಒರಟು ಲೆಕ್ಕ, ಎಲ್ಲ ಕಡೆಯೂ ಹೀಗೇ ಇರಬೇಕಂತಿಲ್ಲ. ಆದರೂ ಈ ಪ್ರಕಾರ ನಿಮ್ಮ 6 ಸಾವಿರದಲ್ಲಿ ಜಾಸ್ತಿ ಬರೆಯೋರು 60 ಮಂದಿ. ಗೆಳೆಯರ 800ರಲ್ಲಿ 200 ಜನ ಹಾಗೆ ಜಾಸ್ತಿ ಬರೆಯುತ್ತಿದ್ದರೆ ಅವರದೇ ದೊಡ್ಡದು. ಹಾಗಂತ ಸುಮ್ಮನಿರೋರನ್ನು ಹಗುರವಾಗಿ ನೋಡಬೇಡಿ. ಒಂದಕ್ಷರ ಬರೆಯದೆ, ಓದಿದ್ದನ್ನು ಗದ್ದೆಯಲ್ಲಿ ಮಾಡಿ ನೋಡೋರೂ ಅವರಲ್ಲೇ ಇರುತ್ತಾರೆ.

ಎಣಿಸೋಕೆ ಒಂದು ಮಾಮೂಲಿ ವಾರ ಹಿಡಿಯಿರಿ. ನಾಲೆಗೆ ನೀರು ಬಿಡೋ ವಾರ ಬೇಡ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ನಮ್ಮ ಕಡೆ ಮೊಬೈಲ್ ಕೆಳಗಿಟ್ಟವರು ಕಮ್ಮಿ. ಅಂಥ ದಿನ ಯಾವ ಗುಂಪು ನೋಡಿದರೂ ದೊಡ್ಡದೇ. ಏನೂ ನಡೆಯದ ವಾರದಲ್ಲಿ ಎಷ್ಟು ಬೇರೆ ಬೇರೆ ಜನ ಬರೆದರು, ಎಷ್ಟು ಪ್ರಶ್ನೆ ಬಂದವು, ಎಷ್ಟಕ್ಕೆ ಉತ್ತರ ಸಿಕ್ಕಿತು, ಬರೆದುಕೊಳ್ಳಿ.

ಉತ್ತರ ಕೊಟ್ಟವರು ಯಾರು ಅನ್ನೋದನ್ನೂ ನೋಡಿ. ರಾತ್ರಿ ಹತ್ತಕ್ಕೆ ಒಬ್ಬರು ಭತ್ತದ ಎಲೆಯ ಫೋಟೋ ಹಾಕುತ್ತಾರೆ ಅಂದುಕೊಳ್ಳಿ. ಎರಡೂ ತುದಿ ಚೂಪಾದ ಚುಕ್ಕೆ, ನಡುವೆ ಬೂದು ಬಣ್ಣ. ಮಾನ್ವಿ ಕಡೆಯ, ಫೋಟೋ ಹಾಕಿದವರು ಯಾವತ್ತೂ ಮುಖ ನೋಡದ ಒಬ್ಬರು ‘ಬೆಂಕಿ ರೋಗ ಇದ್ದಂಗ ಐತ್ರಿ, ಯೂರಿಯಾ ಹಾಕೋದು ನಿಲ್ಲಸ್ರಿ’ ಅಂತಾರೆ. ಇನ್ನೊಬ್ಬರು ‘ಅಲ್ರೀ, ಕಂದು ಚುಕ್ಕೆ ರೋಗನೂ ಇರಬಹುದು, ಹತ್ರದಿಂದ ತೆಗೆದು ಹಾಕ್ರಿ’ ಅಂತಾರೆ. ಗುರುತಿಲ್ಲದವರಿಗೆ ಗುರುತಿಲ್ಲದವರು ಉತ್ತರ ಕೊಡೋದು, ಅದನ್ನು ಮೂರನೆಯವರು ಪ್ರಶ್ನೆ ಮಾಡೋದು ದಿನಾ ನಡೆಯುತ್ತಿದ್ದರೆ ಆ ಗುಂಪನ್ನು ನಾನು ದೊಡ್ಡದು ಅನ್ನುತ್ತೇನೆ. ಬರೀ ‘ಶುಭೋದಯ’ದ ಹೂವು, ಎಲ್ಲಿಂದಲೋ ಬಂದ ಧಾರಣೆ ಪಟ್ಟಿ ಬೀಳುತ್ತಿದ್ದರೆ ಅದು ಪಂಚಾಯ್ತಿ ಆಫೀಸಿನ ನೋಟಿಸ್ ಬೋರ್ಡು. ಎದುರಿಗೆ 6 ಸಾವಿರ ಜನ ಓಡಾಡಿದರೂ ಅಷ್ಟೇ.

ಗುಂಪು ನಡೆಸೋರಿಗೆ ಇನ್ನೊಂದು ಗುರುತು ಇದೆ. ಬಂದದ್ದನ್ನೆಲ್ಲ ನೀವೊಬ್ಬರೇ ಓದೋಕೆ ಆಗದ ದಿನ, ಒಂದೇ ಪ್ರಶ್ನೆ ವಾರದಲ್ಲಿ ಮೂರು ಸಲ ಬರೋ ದಿನ, ಗುಂಪು ದೊಡ್ಡದಾಗಿದೆ ಅಂತ ತಿಳಿಯಿರಿ. ಒಬ್ಬ ಮನುಷ್ಯ ಸುಮಾರು 150 ಜನರ ಜೊತೆ ಮಾತ್ರ ನಿಜವಾದ ಪರಿಚಯ ಉಳಿಸಿಕೊಳ್ಳಬಲ್ಲ ಅಂತ ಬ್ರಿಟನ್ನಿನ ಮಾನವಶಾಸ್ತ್ರಜ್ಞ ರಾಬಿನ್ ಡನ್ಬಾರ್ 1990ರ ದಶಕದಲ್ಲಿ ಹೇಳಿದ್ದರು. ಆ ಅಂಕಿಯ ಬಗ್ಗೆ ತಕರಾರು ಇದೆ, ಇರಲಿ. ಪರಿಚಯದ ಮೇಲೆ ನಡೆಯುತ್ತಿದ್ದ ಗುಂಪು ಒಂದು ಹಂತ ದಾಟಿದ ಮೇಲೆ ನಿಯಮ ಕೇಳುತ್ತದೆ ಅನ್ನೋದಂತೂ ಖರೆ. ಆಗ ಇನ್ನಿಬ್ಬರನ್ನು ಅಡ್ಮಿನ್ ಮಾಡಿ. ಪದೇ ಪದೇ ಬರೋ ಪ್ರಶ್ನೆಯ ಉತ್ತರವನ್ನು ಮೇಲೆ ಪಿನ್ ಮಾಡಿ. ಟೆಲಿಗ್ರಾಂನಲ್ಲಿ ಟಾಪಿಕ್ ಅನ್ನೋ ಸೌಲಭ್ಯ ಇದೆ. ರೋಗ, ಧಾರಣೆ, ನೀರು ಅಂತ ಬೇರೆ ಮಾಡಿ ಇಡಬಹುದು.

ಪ್ರಶ್ನೆ: ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸೋರ ವಾಟ್ಸ್‌ಆ್ಯಪ್ ಗುಂಪಿಗೆ ನಾನು ಅಡ್ಮಿನ್. 1,024 ಜನ ತುಂಬಿದ್ದಾರೆ. ಎರಡನೇ ಗುಂಪು ಮಾಡಲಾ? ಯಾರೋ ಕೆಟ್ಟದ್ದು ಹಾಕಿದರೆ ಕೇಸು ನನ್ನ ಮೇಲೆ ಬರುತ್ತಾ?

ಉತ್ತರ: 1,024 ಅನ್ನೋದು ವಾಟ್ಸ್‌ಆ್ಯಪ್ ಹಾಕಿದ ಮಿತಿ ಅಷ್ಟೇ. ಮೊದಲು 256 ಇತ್ತು, 2022ರಲ್ಲಿ 512 ಮಾಡಿದರು, ಅದೇ ವರ್ಷ 1,024ಕ್ಕೆ ಏರಿಸಿದರು. ಮೊದಲು ನಂಬರು ಬದಲಾಯಿಸಿದವರನ್ನು, ಧಂಧೆ ಬಿಟ್ಟವರನ್ನು ತೆಗೆದು ನೋಡಿ. ಜಾಗ ತಾನಾಗೇ ಆಗುತ್ತದೆ. ಆಮೇಲೂ ಬೇಕಾದರೆ ‘ಗುಂಪು 1’, ‘ಗುಂಪು 2’ ಅಂತ ಒಡೆಯಬೇಡಿ. ಪ್ರಶ್ನೆ ಒಂದರಲ್ಲಿ, ಉತ್ತರ ಗೊತ್ತಿರೋರು ಇನ್ನೊಂದರಲ್ಲಿ ಆಗಿಬಿಡುತ್ತಾರೆ. ಹೊಲಿಗೆಯವರದ್ದು ಒಂದು, ವಾಷಿಂಗ್‌ನವರದ್ದು ಒಂದು, ಹೀಗೆ ಕೆಲಸದ ಮೇಲೆ ಬೇರೆ ಮಾಡಿ.

ಕೇಸಿನ ವಿಷಯಕ್ಕೆ ಬಂದರೆ, ಸದಸ್ಯನೊಬ್ಬ ಹಾಕಿದ್ದಕ್ಕೆ ಅಡ್ಮಿನ್ ಅನ್ನೋ ಒಂದೇ ಕಾರಣಕ್ಕೆ ಹೊಣೆ ಹೊರಿಸಲಾಗದು ಅಂತ ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದೆ. ನೀವೇ ಅದನ್ನು ಫಾರ್ವರ್ಡ್ ಮಾಡಿದರೆ ಮಾತು ಬೇರೆ. ಕಣ್ಣಿಗೆ ಬಿದ್ದ ಕೂಡಲೇ ಡಿಲೀಟ್ ಮಾಡಿ, ಹಾಕಿದವರನ್ನು ಹೊರಗೆ ಕಳಿಸಿ.

ಪ್ರಶ್ನೆ: ದುಡ್ಡು ಕೊಟ್ಟರೆ ನಮ್ಮ ಗುಂಪಿಗೆ 10 ಸಾವಿರ ಸದಸ್ಯರನ್ನು ಸೇರಿಸಿಕೊಡ್ತೀವಿ ಅಂತ ಒಬ್ಬರು ಹೇಳುತ್ತಿದ್ದಾರೆ. ತಗೊಳ್ಳಲಾ? – ಕುಷ್ಟಗಿಯ ಓದುಗ

ಉತ್ತರ: ಬೇಡ. ಅವರು ಸೇರಿಸೋದು ಮನುಷ್ಯರನ್ನಲ್ಲ, ಖಾಲಿ ಖಾತೆಗಳನ್ನು. ಸದಸ್ಯರ ಲೆಕ್ಕಕ್ಕೆ ಈಗ ಕಂಪನಿಗಳೇ ಬೆಲೆ ಕೊಡುತ್ತಿಲ್ಲ. ರೆಡ್ಡಿಟ್ ಅನ್ನೋ ಚರ್ಚೆಯ ತಾಣ 2025ರಲ್ಲಿ ಸದಸ್ಯರ ಸಂಖ್ಯೆಯನ್ನು ಹಿಂದೆ ಸರಿಸಿ, ವಾರಕ್ಕೆ ಎಷ್ಟು ಜನ ಬಂದರು, ಎಷ್ಟು ಬರೆದರು ಅಂತ ತೋರಿಸೋಕೆ ಶುರು ಮಾಡಿತು. ಅಡ್ವಾನ್ಸ್ ಕೊಟ್ಟಿದ್ದರೆ ಇವತ್ತೇ ವಾಪಸ್ ಕೇಳಿ. ಯಾವ ಕಾರಣಕ್ಕೂ ಅವರನ್ನು ಅಡ್ಮಿನ್ ಮಾಡಬೇಡಿ.