ಶಿಬಿರದಲ್ಲಿ ಸಿಗುವ ನೆಮ್ಮದಿ ಮನೆಯಲ್ಲಿ ಯಾಕಿಲ್ಲ?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ನಲವತ್ತು ದಾಟಿದ ಶಿಕ್ಷಕಿ, ನನ್ನ ಬಳಿ ಆಪ್ತ ಸಮಾಲೋಚನೆಗೆ ಬಂದಿದ್ದರು. ಕೂತವರೇ ಕೇಳಿದ್ದು, "ಮೇಡಂ, ಮುಂದಿನ ತಿಂಗಳು ಹತ್ತು ದಿನದ ಮೌನ ಶಿಬಿರ ಇದೆ, ಹೋಗ್ಲಾ?" ಧ್ಯಾನ, ಉಸಿರಾಟ, ಕೃತಜ್ಞತೆ ಅಂತ ಒಂದಾದ ಮೇಲೊಂದು ಕಾರ್ಯಾಗಾರ ಮುಗಿಸಿದ್ದರು. ಅಲ್ಲಿರುವಷ್ಟು ದಿನ ಮನಸ್ಸು ಹಗುರ. ಮನೆಗೆ ಬಂದು ವಾರ ಕಳೆಯುವಷ್ಟರಲ್ಲಿ ಮತ್ತದೇ ಸಿಡುಕು. "ನನ್ನ ಸಾಧನೆ ಸಾಲದೇನೋ" ಅನ್ನುವ ಕೊರಗು ಬೇರೆ.

ಸಿಡುಕು ಹುಟ್ಟುವ ಹೊತ್ತು ಯಾವುದು ಎಂದು ಕೇಳಿದೆ. ತಡೆದು ತಡೆದು ಹೇಳಿದರು. ಅತ್ತೆ ಹಾಸಿಗೆ ಹಿಡಿದಿದ್ದಾರೆ. ಬೆಳಿಗ್ಗೆ ಐದೂವರೆಗೆ ಇವರು ಕಣ್ಣು ಮುಚ್ಚಿ ಕೂತರೆ ಸಾಕು, ಆ ಕೋಣೆಯಿಂದ ಕರೆ. ಎದ್ದು ಹೋಗಿ ಬಟ್ಟೆ ಬದಲಿಸುತ್ತಾರೆ, ಮಗ್ಗುಲಾಗಿಸಿ ಮಲಗಿಸುತ್ತಾರೆ, ಹಲ್ಲು ಕಚ್ಚಿಕೊಂಡು, ಒಂದು ಮಾತೂ ಆಡದೆ. ಗಂಡ ಪಕ್ಕದ ಕೋಣೆಯಲ್ಲಿ ಗಾಢ ನಿದ್ದೆಯಲ್ಲಿರುತ್ತಾರೆ. "ಕೋಪವನ್ನು ಮೀರಬೇಕು ಅಂತ ಶಿಬಿರದಲ್ಲಿ ಹೇಳ್ತಾರಲ್ಲ ಮೇಡಂ, ಅದಕ್ಕೇ ಯಾರ ಹತ್ರವೂ ಹೇಳಿಲ್ಲ."

ಎಡವಟ್ಟಾಗಿದ್ದು ಇಲ್ಲೇ. ಎದುರಿಸಬೇಕಾದ ನೋವನ್ನೋ ಜಗಳವನ್ನೋ ಅಧ್ಯಾತ್ಮದ ಮರೆಯಲ್ಲಿ ದಾಟಿಸಿಬಿಡುವ ಈ ರೂಢಿಗೆ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ವೆಲ್‌ವುಡ್ 1980ರ ದಶಕದಲ್ಲೇ 'ಸ್ಪಿರಿಚುವಲ್ ಬೈಪಾಸಿಂಗ್' ಎಂದು ಹೆಸರಿಟ್ಟಿದ್ದರು. ಇಬ್ಬರು ಹೊರಬೇಕಾದ ಭಾರ ಒಬ್ಬರ ಮೇಲೆ ಬಿದ್ದರೆ ಕೋಪ ಬಾರದೆ ಇನ್ನೇನು? ಹಾಗಂತ ಕಾರ್ಯಾಗಾರಗಳೇ ದಂಡ ಎನ್ನಲಾರೆ. ಜಾನ್ ಕಬಾಟ್-ಜಿನ್ 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಶುರುಮಾಡಿದ, ಈಗ 8 ವಾರ ನಡೆಯುವ ಧ್ಯಾನ ತರಬೇತಿಯಲ್ಲಿ ತರಗತಿ ಸಾಮಾನ್ಯವಾಗಿ ವಾರಕ್ಕೊಂದೇ. ಮಿಕ್ಕ ದಿನಗಳ ಅಭ್ಯಾಸ ಹೆಚ್ಚಾಗಿ ಮನೆಯಲ್ಲೇ. ಆಕೆ ಹೋದ ಕಡೆಯಲ್ಲೆಲ್ಲ ಈ ಎರಡನೇ ಭಾಗವೇ ಇರಲಿಲ್ಲ.

ಮೊದಲು ಗಂಡನ ಜೊತೆ ಮಾತಾಡಿ ಎಂದೆ. "ನೀವು ಯಾವತ್ತೂ ಸಹಾಯ ಮಾಡಲ್ಲ" ಎಂದು ಶುರುವಾದರೆ ಜಗಳದಲ್ಲೇ ಮುಗಿಯುತ್ತದೆ. "ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಅಮ್ಮನನ್ನು ನೀವು ನೋಡ್ಕೊಳ್ಳಿ" ಎಂದು ನೇರವಾಗಿ ಕೇಳಬೇಕು. ನನ್ನೆದುರೇ ಹೇಳಿಸಿದೆ, ಮೊದಲ ಸಲ ದನಿ 'ಬುಧವಾರ'ಕ್ಕೇ ನಿಂತುಹೋಯಿತು. ಮಿಕ್ಕ ದಿನ ಅತ್ತೆಯ ಕೆಲಸ ಮುಗಿಸಿಯೇ ಧ್ಯಾನಕ್ಕೆ ಕೂರುವುದು. ಆ ಕೆಲಸ ಮಾಡುವಾಗ ಗಮನ ಕೈಯಲ್ಲೇ ಇರಲಿ: ಒರೆಸುವ ನೀರಿನ ಬಿಸಿ, ಹೊದಿಕೆಯ ಸುಕ್ಕು. ಅತ್ತೆಗೆ ನಿದ್ದೆ ಬಂತಾ ಅಂತಾದರೂ ಕೇಳಿ. ಕೆಲಸದಲ್ಲಿ ಪಾಲು ಕೇಳದೆ ಇದಷ್ಟನ್ನೇ ಮಾಡಿದರೆ ಮತ್ತೆ ಹಲ್ಲು ಕಚ್ಚಿಕೊಂಡಂತೆಯೇ. ಹಾಗಾಗಿ ಈ ಕ್ರಮ ಹಿಂದುಮುಂದಾಗಬಾರದು.

ಮೌನ ಶಿಬಿರ ಸದ್ಯಕ್ಕೆ ಬೇಡ ಎಂದೆ. ಬಳಲಿದ ಮನಸ್ಸಿಗೆ ದಿನಗಟ್ಟಲೆ ಮೌನ ಕೆಲವೊಮ್ಮೆ ಕಳವಳ ಹೆಚ್ಚಿಸುತ್ತದೆ. ಎರಡು ವಾರವಾದರೂ ನಿದ್ದೆ ಸರಿಹೋಗದೆ, ಯಾವುದರಲ್ಲೂ ಆಸಕ್ತಿ ಹುಟ್ಟದೆ ಇದ್ದರೆ ಮನೋವೈದ್ಯರನ್ನು ಕಾಣಬೇಕೆಂದೂ ತಿಳಿಸಿದೆ.

ಮುಂದಿನ ಭೇಟಿಗೆ ಗಂಡನೂ ಬಂದಿದ್ದರು. ಮೂರು ಬೆಳಿಗ್ಗೆ ಕೇಳಿದ್ದಕ್ಕೆ ಎರಡಕ್ಕೆ ಒಪ್ಪಿದ್ದಾರೆ. ಶುಕ್ರವಾರದ ವಿಷಯದಲ್ಲಿ ಇನ್ನೂ ಚೌಕಾಸಿ ನಡೆದಿದೆ.