ಬೇಡಿಕೆ ಪಟ್ಟಿಗೆ ಸಹಿ ಹಾಕೋರು ಯಾರು?

ಸರಸ್ವತಿಪುರಂನ ನಿವೃತ್ತ ಮೇಷ್ಟ್ರೊಬ್ಬರು ನಮ್ಮ ಪತ್ರಿಕೆಗೆ ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಸಾರಾಂಶ ಇಷ್ಟು: "ಮಗಳು ಅಮೆರಿಕದಲ್ಲಿದ್ದಾಳೆ. ಅವಳಿರುವ ಊರಿನ ನಗರಸಭೆ ಪ್ರತಿ ವರ್ಷ ಅಧಿವೇಶನಕ್ಕೆ ಮೊದಲೇ ಒಂದು ಪಟ್ಟಿ ಮಾಡುತ್ತದಂತೆ. ಇಂಥದ್ದಕ್ಕೆ ದುಡ್ಡು ಕೊಡಿ, ಇಂಥ ಕಾನೂನು ಬದಲಿಸಿ ಅಂತ ರಾಜ್ಯದ ಶಾಸಕರಿಗೆ ಬರೆದುಕೊಡುತ್ತದಂತೆ. ಮೈಸೂರಿಗೂ ಅಂಥದ್ದೊಂದು ಪಟ್ಟಿ ಬೇಡವೇ? ನೀವೇ ಮಾಡಿ. ಚಾಮುಂಡಿ ಬೆಟ್ಟದ ರೋಪ್‌ವೇ ಮರೆಯಬೇಡಿ."

ಮೇಷ್ಟ್ರೇ, ನಮಸ್ಕಾರ.

ಪಟ್ಟಿಗೇನೂ ನಮ್ಮೂರಲ್ಲಿ ಬರ ಇಲ್ಲ. ಬಜೆಟ್ ಹತ್ತಿರ ಬಂದರೆ ಸಾಕು, ಒಂದಲ್ಲ ಒಂದು ಸಂಘದವರು ಶಾಲು ಹಾರ ಹಿಡಿದು ಮಂತ್ರಿಗಳ ಮುಂದೆ ನಿಂತಿರುತ್ತಾರೆ. ಮನವಿ ಕೊಡುವಾಗ ಎಲ್ಲರೂ ಕ್ಯಾಮೆರಾ ಕಡೆ ನೋಡುತ್ತಾರೆ. ಮಂಡಕಳ್ಳಿ ರನ್‌ವೇ, ಮೇಲ್ಸೇತುವೆ, ಫಿಲಂ ಸಿಟಿ ಎಲ್ಲಾ ಅದರಲ್ಲಿರುತ್ತವೆ. ಆದರೆ ನಿಮ್ಮ ಮಗಳ ಊರಿನ ಪಟ್ಟಿಗೂ ಇದಕ್ಕೂ ಒಂದು ವ್ಯತ್ಯಾಸ ಇದೆ. ಅಲ್ಲಿ ಜನ ಆರಿಸಿದ ಸದಸ್ಯರು ಸಭೆಯಲ್ಲಿ ಕೂತು, ಇದು ಬೇಕು ಇದು ಬೇಡ ಅಂತ ಕಿತ್ತಾಡಿ, ಮತ ಹಾಕಿ ಒಪ್ಪಿರುತ್ತಾರೆ. ಇಲ್ಲಿ ಆ ಸಭೆಯೇ ಇಲ್ಲವಲ್ಲ! ನಮ್ಮ ಪಾಲಿಕೆಯ 65 ವಾರ್ಡುಗಳ ಸದಸ್ಯರ ಅವಧಿ 2023ರ ನವೆಂಬರ್‌ನಲ್ಲೇ ಮುಗಿಯಿತು. 2024ರಲ್ಲಿ ಚುನಾವಣೆ ಆಗಲಿಲ್ಲ. 2025ರಲ್ಲೂ ಆಗಲಿಲ್ಲ. ಐದು ವರ್ಷದ ಅವಧಿ ಮುಗಿಯೋ ಮುಂಚೆಯೇ ಚುನಾವಣೆ ನಡೆಸಬೇಕು ಅಂತ ಸಂವಿಧಾನದ 243ಯು ವಿಧಿ ಹೇಳುತ್ತದೆ. ಹೇಳಿಕೊಂಡು ಸುಮ್ನೆ ಕೂತಿದೆ.

ಹೋದ ವರ್ಷ ನಮ್ಮ ಬೀದಿಯಲ್ಲಿ ಒಂದು ಮ್ಯಾನ್‌ಹೋಲ್ ಮುಚ್ಚಳ ಒಡೆಯಿತು. ಪಕ್ಕದ ಮನೆಯವರು ಹೊಂಗೆ ಕೊಂಬೆಯೊಂದನ್ನು ಮುರಿದು ತಂದು ಅದರೊಳಗೆ ನಿಲ್ಲಿಸಿ, ತುದಿಗೆ ಹಳೇ ಕೆಂಪು ಲಂಗದ ಚೂರು ಕಟ್ಟಿದರು. ನಾನು ಅರ್ಜಿ ಹಿಡಿದು ಒಂದು ಕಚೇರಿಗೆ ಹೋದೆ. ಅಲ್ಲಿದ್ದವರು ಒಳ್ಳೆಯವರೇ, ಕುರ್ಚಿ ಕೊಟ್ಟರು. "ನಿಮ್ಮ ಕಾರ್ಪೊರೇಟರ್ ಕೈಲಿ ಒಂದ್ ಮಾತು ಹೇಳ್ಸಿ ಸಾರ್, ಬೇಗ ಆಗುತ್ತೆ" ಅಂದರು. ಕಾರ್ಪೊರೇಟರ್ ಎಲ್ಲಿದ್ದಾರೆ ಅಂದೆ. ಇಬ್ಬರೂ ನಕ್ಕೆವು. ಕೊಂಬೆಯ ಎಲೆಯೆಲ್ಲಾ ಒಣಗಿ ಉದುರಿದ ಮೇಲೆ ಹೊಸ ಮುಚ್ಚಳ ಬಂತು.

ಹಾಗಾಗಿ ನನ್ನ ಪಟ್ಟಿಯಲ್ಲಿ ಮೊದಲನೆಯದು ಪಾಲಿಕೆ ಚುನಾವಣೆ. ಇದನ್ನು ಶಾಸಕರನ್ನೇ ಕೇಳಬೇಕು. ಅವರೂ ಪಾಲಿಕೆ ಸಭೆಯಲ್ಲಿ ಮತ ಹಾಕುವ ಸದಸ್ಯರೇ. ಆದರೆ ಕಾರ್ಪೊರೇಟರ್‌ಗಳು ಇಲ್ಲದಿದ್ದರೆ ಚರಂಡಿಗೂ ಜನ ಶಾಸಕರ ಮನೆ ಬಾಗಿಲಿಗೇ ಬರುತ್ತಾರೆ. ಅದು ಕೆಲವರಿಗೆ ಹಿತವಾಗಿಯೇ ಇದೆ ಅಂತ ನನ್ನ ಗುಮಾನಿ.

ಇನ್ನು ದುಡ್ಡಿನ ವಿಷಯ. ಮೈಸೂರಿಗೆ ಕಟ್ಟೋದಕ್ಕೆ ದುಡ್ಡು ಆಗಾಗ ಬಂದಿದೆ. ನಗರಗಳ ಸೌಕರ್ಯಕ್ಕೆ ಅಂತ ಕೇಂದ್ರ ತಂದಿದ್ದ ನರ್ಮ್ ಯೋಜನೆಯಲ್ಲಿ ರಾಜ್ಯದಿಂದ ಬೆಂಗಳೂರಿನ ಜೊತೆ ನಮ್ಮೂರೂ ಇತ್ತು. ಬಸ್ಸು ಬಂದವು, ನಿಲ್ದಾಣ ಆಯಿತು. ಆಮೇಲೆ ಬಂದ ಸ್ಮಾರ್ಟ್ ಸಿಟಿ ಪಟ್ಟಿಯಲ್ಲಿ ರಾಜ್ಯದ ಏಳು ಊರುಗಳಿದ್ದವು. ತುಮಕೂರು, ದಾವಣಗೆರೆ, ಶಿವಮೊಗ್ಗ ಎಲ್ಲಾ ಸಿಕ್ಕವು, ಮೈಸೂರು ಇಲ್ಲ. ಆಗ ಬಹಳ ಜನ ಬೇಜಾರು ಮಾಡಿಕೊಂಡರು. ನನಗೆ ಅದಕ್ಕಿಂತ ಜಾಸ್ತಿ ಚಿಂತೆ ಇರೋದು, ಕಟ್ಟಿದ್ದನ್ನು ನೋಡಿಕೊಳ್ಳೋ ದುಡ್ಡಿನದು. ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ನಾಲ್ಕು ಜೀವ ಹೋದವು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಎರಡೂ ನೂರು ವರ್ಷ ದಾಟಿದ ಕಟ್ಟಡಗಳು. ಗಾರೆ ಉದುರಿದಾಗ ಗಾರೆ ಹಾಕಿ, ಸೂರು ಸೋರಿದಾಗ ಸೂರು ಕಟ್ಟಿಸಿದ್ದರೆ ಎಷ್ಟು ಖರ್ಚಾಗುತ್ತಿತ್ತು? ಅದಕ್ಕೆ ಯಾರೂ ಗುದ್ದಲಿ ಪೂಜೆ ಮಾಡೋದಿಲ್ಲ, ಅಡಿಗಲ್ಲಿನ ಮೇಲೆ ಹೆಸರು ಕೆತ್ತಿಸೋಕೂ ಆಗೋದಿಲ್ಲ. ನಾನು ಶನಿವಾರ ವೀಳ್ಯದೆಲೆ ತರೋಕೆ ಮಾರ್ಕೆಟ್ಟಿಗೆ ಹೋಗುತ್ತೇನೆ. ಎಲೆ ಎಣಿಸೋ ಹೆಂಗಸಿನ ಕೈ ನೋಡೋ ಬದಲು ತಲೆ ಮೇಲಿನ ಸೂರು ನೋಡೋದು ಈಗ ಅಭ್ಯಾಸ ಆಗಿಬಿಟ್ಟಿದೆ.

ದಸರಾಕ್ಕೆ ಮೊದಲು ಸಯ್ಯಾಜಿರಾವ್ ರಸ್ತೆಗೆ ಡಾಂಬರು ಬೀಳೋದು ನೀವೂ ನೋಡಿದ್ದೀರಿ. ಜಂಬೂಸವಾರಿ ಹೋಗದ ಬೀದಿಯವರಿಗೂ ಕಾಲಿದೆ, ಅಲ್ವಾ? ಅದಕ್ಕೇ ಎರಡನೆಯ ಬೇಡಿಕೆ: ಹಳೇ ಕಟ್ಟಡ, ಚರಂಡಿ, ಬೀದಿ ದೀಪ, ಇವುಗಳ ನಿರ್ವಹಣೆಗೇ ಅಂತ ಪ್ರತಿ ವರ್ಷ ತಪ್ಪದೆ ಬರುವ ಒಂದು ಮೊತ್ತ. ದಸರಾ ಅನುದಾನದ ಜೊತೆ ಅದನ್ನು ಕಲಸಬಾರದು.

"ನಮ್ಮವರೇ ಇದ್ದಾರಲ್ಲ, ಕೇಳಿದರೆ ಕೊಡುತ್ತಾರೆ" ಅಂತಲೂ ಬರೆದಿದ್ದೀರಿ. ನಿಜ, ರಾಜ್ಯದಲ್ಲಿ ಅತಿ ಹೆಚ್ಚು ಬಜೆಟ್ ಮಂಡಿಸಿದ ದಾಖಲೆ ನಮ್ಮ ಜಿಲ್ಲೆಯ ಸಿದ್ದರಾಮಯ್ಯನವರದು. 2025ರ ಮಾರ್ಚ್‌ನಲ್ಲಿ ಮಂಡಿಸಿದ್ದು 16ನೆಯದು. ಆದರೆ ಪ್ರೀತಿಗೆ ಬಂದ ದುಡ್ಡು ಕುರ್ಚಿ ಬದಲಾದರೆ ನಿಲ್ಲುತ್ತದೆ. ರಾಜ್ಯದ ಆದಾಯದಲ್ಲಿ ಊರುಗಳಿಗೆ ಎಷ್ಟು ಪಾಲು ಅಂತ ಹೇಳೋಕೆ ಐದು ವರ್ಷಕ್ಕೊಮ್ಮೆ ರಾಜ್ಯ ಹಣಕಾಸು ಆಯೋಗ ಅಂತ ಒಂದಿರುತ್ತದೆ. ಅದು ಹೇಳಿದ ಪಾಲನ್ನು ಪೂರ್ತಿ ಕೊಡಿ, ಇಂಥದ್ದಕ್ಕೇ ಖರ್ಚು ಮಾಡಿ ಅಂತ ಕಟ್ಟುಪಾಡು ಹಾಕಬೇಡಿ ಅಂತ ಕೇಳೋಣ. ಕೇಂದ್ರ ಸರ್ಕಾರದ ಆಸ್ತಿಗೆ ಊರಿನವರು ತೆರಿಗೆ ಹಾಕುವಂತಿಲ್ಲ. ಸಂವಿಧಾನದ 285ನೇ ವಿಧಿ ಅದು. ರೈಲ್ವೆ ಜಾಗವೇ ನಮ್ಮೂರಲ್ಲಿ ಎಷ್ಟಿದೆ ಲೆಕ್ಕ ಹಾಕಿ. ಪಾಲು ನಿಗದಿ ಮಾಡುವಾಗ ಇಂಥದ್ದೂ ಲೆಕ್ಕಕ್ಕೆ ಬರಬೇಕು.

ದುಡ್ಡು ಕೇಳುವಾಗ ಜನಸಂಖ್ಯೆಯದೂ ಒಂದು ಫಜೀತಿ. 2011ರ ಜನಗಣತಿಯಲ್ಲಿ ಸುತ್ತಲಿನ ಜಾಗ ಸೇರಿಸಿದರೂ ಮೈಸೂರು ಹತ್ತು ಲಕ್ಷ ಮುಟ್ಟಲಿಲ್ಲ, ಸ್ವಲ್ಪದರಲ್ಲಿ ತಪ್ಪಿತು. ಆಮೇಲೆ ಊರು ಎಲ್ಲೆಲ್ಲಿಗೋ ಹರಡಿದೆ. ಹೂಟಗಳ್ಳಿ ನಗರಸಭೆ ಆಯಿತು. ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿ ಆದವು. ಎಲ್ಲವನ್ನೂ ಸೇರಿಸಿ ಬೃಹತ್ ಮೈಸೂರು ಮಾಡೋ ಮಾತು ಬಂದಿದೆ. ಮಾಡಲಿ. ಆದರೆ ಆ ಬಡಾವಣೆಗಳ ಒಳಚರಂಡಿಗೆ, ನೀರಿಗೆ ದುಡ್ಡು ಎಲ್ಲಿಂದ ಅಂತ ಮೊದಲು ಬರೆದುಕೊಡಲಿ. ಇಲ್ಲದಿದ್ದರೆ ಬೋಗಾದಿಯವರಿಗೆ ಕಂದಾಯ ಮಾತ್ರ ಬೃಹತ್ ಆಗುತ್ತದೆ.

ಕೆಆರ್‌ಎಸ್ ಹಿನ್ನೀರಿನಿಂದ ನೀರು ತರುವ ಹಳೇ ಉಂಡುವಾಡಿ ಯೋಜನೆ, ಊರಿನ ಕಸ ಸುರಿಯುವ ವಿದ್ಯಾರಣ್ಯಪುರಂ ಸೂಯೆಜ್ ಫಾರಂನ ಹಳೇ ಕಸ. ಇವೆರಡರ ಬಗ್ಗೆ ಪ್ರತಿ ವರ್ಷ ಬರೆಯುತ್ತಿದ್ದೇವೆ. ಪಟ್ಟಿಯಲ್ಲಿ ಇರಲೇಬೇಕು, ಮತ್ತೆ ವಿವರಿಸೋದಿಲ್ಲ.

ರೋಪ್‌ವೇ ಮಾತ್ರ ಕೈಬಿಟ್ಟಿದ್ದೇನೆ, ಕ್ಷಮಿಸಿ. ಬೆಟ್ಟಕ್ಕೆ ರಸ್ತೆ ಇದೆ, ಬಸ್ಸಿದೆ, ಸಾವಿರ ಮೆಟ್ಟಿಲಿದೆ. ಅರ್ಧ ದಾರಿಯಲ್ಲಿ ನಂದಿ ಹತ್ತಿರ ಕೂತು ಸುಧಾರಿಸಿಕೊಳ್ಳೋ ಸುಖ ತಂತಿ ಮೇಲೆ ತೂಗಾಡುವ ಡಬ್ಬಿಯಲ್ಲಿ ಸಿಗೋದಿಲ್ಲ. ಮಂಡಿ ನೋವು ಇರುವ ನಿಮಗೆ ಈ ಮಾತು ಹಿಡಿಸದೇ ಇರಬಹುದು. ಜಗಳಕ್ಕೆ ಮುಂದಿನ ಸಂಚಿಕೆಯಲ್ಲಿ ಜಾಗ ಕೊಡುತ್ತೇನೆ.

ಒಂದು ಕೋರಿಕೆ. ಮಗಳ ಊರಿನ ಪಟ್ಟಿಯ ಪ್ರತಿ ಇದ್ದರೆ ಕಳಿಸಿಕೊಡಿ. ಹೊಸದಾಗಿ ಕಟ್ಟೋದಕ್ಕೆ ಎಷ್ಟು ಕೇಳಿದ್ದಾರೆ, ಇರೋದನ್ನು ರಿಪೇರಿ ಮಾಡೋದಕ್ಕೆ ಎಷ್ಟು ಕೇಳಿದ್ದಾರೆ ನೋಡಬೇಕು. ಅಂಚೆಯಲ್ಲಿ ಬೇಡ, ವಾಟ್ಸಾಪ್ ಸಾಕು.

ಸಂಪಾದಕ